ಕ್ಯಾನ್ಸರ್ ಬಂದ ಮನೆಗೆ ಹಣ ಎತ್ತೋದು: ದಾವಣಗೆರೆಯಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ದಾವಣಗೆರೆಯ ಒಂಬತ್ತು ಜನ. ಇಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು, ಒಬ್ಬ ಮೆಡಿಕಲ್ ಶಾಪ್ ಹುಡುಗ, ಉಳಿದವರದ್ದು ಅಂಗಡಿ, ಮನೆ, ಹೊಲ. ಕ್ಯಾನ್ಸರ್ ಬಂದವರ ಮನೆಗೆ ಹಣ ಎತ್ತಿ ಕೊಡುವ ಕೆಲಸಕ್ಕೆ ಬಿದ್ದು ಕೆಲವು ವರ್ಷ ಆಯ್ತು. ಗುಂಪಿಗೆ ಹೆಸರಿಟ್ಟಿಲ್ಲ, ಬೋರ್ಡೂ ಇಲ್ಲ. ಹಣ ಎತ್ತೋಕೆ ನಾವು ಹಾಕೋ ದೋಸೆಯ ಕ್ಯೂನಲ್ಲಿ ನಿಂತವರು, ಫೋನ್ ಮಾಡಿದವರು, ಚೀಟಿ ಬರೆದು ಕಳಿಸಿದವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇವೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ. ತಪ್ಪು ಮಾಡಿ ಕಲಿತ ಕಡೆಯೆಲ್ಲ ಹಾಗೇ ಆಗಿದೆ.

## ಮೊದಮೊದಲು ಕೇಳುವವು

ಸರ್ಕಾರದ ಕಾರ್ಡ್ ಇದ್ರೆ ಎಲ್ಲಾ ಫ್ರೀ ಅಲ್ವಾ? ಮತ್ಯಾಕೆ ದುಡ್ಡು ಎತ್ತೋದು?

ಅರ್ಧ ನಿಜ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರ) ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಆಪರೇಷನ್, ಕೀಮೋ, ರೇಡಿಯೇಷನ್ ಇದರಲ್ಲಿ ಬರುತ್ತವೆ. ಹಾಗಾಗಿ ಮೊದಲು ಆ ದಾರಿ ಹಿಡಿಯಿರಿ. ಕಾರ್ಡ್ ಇದ್ದೂ ಬಳಸದೆ ಹೊಲ ಮಾರಿದವರನ್ನು ನೋಡಿದ್ದೇವೆ, ಹೊಟ್ಟೆ ಉರಿಯುತ್ತದೆ.

ಆದರೆ ಕಾರ್ಡ್ ಕೊಡೋದು ಆಸ್ಪತ್ರೆ ಬಿಲ್ಲಿಗೆ. ಮನೆ ಬಿಟ್ಟು ಕಳೆಯುವ ದಿನಗಳಿಗೆ ಯಾರೂ ಕೊಡಲ್ಲ. ರೇಡಿಯೇಷನ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಐದಾರು ವಾರ. ಒಂದೊಂದು ಸಲ ಮಿಷನ್ ಕೆಳಗೆ ಮಲಗೋದು ಕೆಲವೇ ನಿಮಿಷ, ಅದಕ್ಕೋಸ್ಕರ ಒಂದೂವರೆ ತಿಂಗಳು ಬೆಂಗಳೂರಲ್ಲಿ ಇರಬೇಕು. ಜಗಳೂರು ಕಡೆಯ ಗಂಡ ಹೆಂಡತಿ ಒಬ್ಬರ ಲೆಕ್ಕ ಹೇಳ್ತೀನಿ. 42 ದಿನ. ರೂಮು ದಿನಕ್ಕೆ 350ರಂತೆ 14,700. ಇಬ್ಬರ ಊಟ ದಿನಕ್ಕೆ 250ರಂತೆ 10,500. ಊರಲ್ಲಿದ್ದಿದ್ರೆ ಇಬ್ಬರಿಗೂ ಸೇರಿ ದಿನಕ್ಕೆ 900 ಕೂಲಿ, ವಾರಕ್ಕೆ ಒಂದು ರಜೆ ಬಿಟ್ಟರೂ 36 ದಿನಕ್ಕೆ 32,400 ಹೋಯ್ತು. ಒಟ್ಟು 57,600. ಇದರಲ್ಲಿ ಒಂದು ಮಾತ್ರೆ ದುಡ್ಡೂ ಸೇರಿಲ್ಲ. ಆಸ್ಪತ್ರೆ ಬಿಲ್ಲು ಮಾತ್ರ ಸೊನ್ನೆ.

ಅದಕ್ಕೇ ನಾವು ಎತ್ತೋದು ಹೆಚ್ಚಾಗಿ ರೂಮು, ಊಟ, ಬಸ್ಸು, ಮನೆಯಲ್ಲಿ ಬಿಟ್ಟು ಬಂದ ಮಕ್ಕಳ ಖರ್ಚಿಗೆ. ಕೇಳೋಕೆ ಆಪರೇಷನ್ ಅಷ್ಟು ದೊಡ್ಡದು ಅನ್ಸಲ್ಲ. ಆದ್ರೆ ಜನ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ವಾಪಸ್ ಬರೋದು ಇಲ್ಲೇ.

ನಾನು ಕೊಡೋದು ನೂರು ರೂಪಾಯಿ. ಅದರಿಂದ ಏನಾಗುತ್ತೆ?

ಒಬ್ಬರ ಒಂದು ಹೊತ್ತಿನ ಊಟ, ಒಂದು ಟೀ, ಸಿಟಿ ಬಸ್ ಚಾರ್ಜು. ನಾಚಿಕೊಂಡು ಕೊಡದೆ ಹೋಗಬೇಡಿ. ನಮ್ಮ ಪುಸ್ತಕದಲ್ಲಿ 100, 50, 200 ಅನ್ನೋ ಸಾಲುಗಳೇ ಜಾಸ್ತಿ. ಐದು ಸಾವಿರ ಕೊಟ್ಟವರು ಒಂದೇ ಸಲ ಕೊಡ್ತಾರೆ, ನೂರು ಕೊಟ್ಟವರು ತಿಂಗಳು ತಿಂಗಳು ಕೊಡ್ತಾರೆ. ನಮಗೆ ಬೇಕಾಗಿರೋದು ಎರಡನೇದು.

ಕ್ಯಾನ್ಸರ್ ಅಂಟುತ್ತಾ? ಅವರ ಮನೆಗೆ ಹೋಗಿ ಹಣ ಕೊಡಬಹುದಾ?

ಅಂಟಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ ಬರಲ್ಲ. ಅಪಾಯ ಇರೋದು ನಮ್ಮಿಂದ ಅವರಿಗೆ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಕಡಿಮೆ ಆಗಿರುತ್ತವೆ, ನಮಗೆ ಬರೀ ನೆಗಡಿ ಆಗಿರೋದು ಅವರಿಗೆ ಆಸ್ಪತ್ರೆ ಸೇರೋ ಜ್ವರ ಆಗಬಹುದು. ಸೀನು ಕೆಮ್ಮು ಇದ್ರೆ ಹೋಗಬೇಡಿ. ಹೋದರೆ ಕೈ ತೊಳೆದು ಹತ್ತು ನಿಮಿಷ ಕೂತು ಎದ್ದು ಬನ್ನಿ. ಹತ್ತು ಜನ ಗುಂಪಾಗಿ ಹೋಗಿ, ಕವರ್ ಕೊಡುವಾಗ ಫೋಟೋ ಹೊಡೆಸಿಕೊಳ್ಳೋದಂತೂ ಬೇಡವೇ ಬೇಡ.

ದುಡ್ಡಿಲ್ಲ. ಬೇರೆ ಏನಾದ್ರೂ ಮಾಡಬಹುದಾ?

ಮಾಡಬಹುದು, ಕೆಲವು ಸಲ ದುಡ್ಡಿಗಿಂತ ಅದೇ ಬೇಕಾಗಿರುತ್ತದೆ. ಮುಖ್ಯವಾಗಿ ಪ್ಲೇಟ್‌ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣ. ತೆಗೆದ ಮೇಲೆ ಅದನ್ನು ಸುಮಾರು ಐದು ದಿನ ಮಾತ್ರ ಇಡಬಹುದು. ಅದಕ್ಕೇ ಬ್ಲಡ್ ಬ್ಯಾಂಕಿನವರು ಸ್ಟಾಕ್ ಇಲ್ಲ ಅಂದ್ರೆ ಸುಮ್ನೆ ಅಂದಿದ್ದಲ್ಲ. ರಕ್ತ ಕೊಡೋರು ಗಂಡಸರಾದ್ರೆ ಮೂರು ತಿಂಗಳಿಗೊಮ್ಮೆ, ಹೆಂಗಸರಾದ್ರೆ ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮಿಷನ್‌ನಲ್ಲಿ ಬರೀ ಪ್ಲೇಟ್‌ಲೆಟ್ ಕೊಡೋರು ಅದಕ್ಕಿಂತ ಬೇಗ ಮತ್ತೆ ಕೊಡಬಹುದು. ದಾವಣಗೆರೆ ಕಾಲೇಜುಗಳ ಊರು, ಹಾಸ್ಟೆಲ್ ಹುಡುಗರ ಬ್ಲಡ್ ಗ್ರೂಪ್ ಪಟ್ಟಿ ಒಂದು ನಮ್ಮ ಹತ್ತಿರ ಇದೆ, ಅದು ಯಾವ ಡೆಪಾಸಿಟ್‌ಗೂ ಕಡಿಮೆ ಇಲ್ಲ. ಪರೀಕ್ಷೆ ಟೈಮಲ್ಲಿ ಮಾತ್ರ ಯಾರೂ ಫೋನ್ ಎತ್ತಲ್ಲ.

ಕೂದಲು ಕೊಡ್ತೀವಿ ಅಂತ ಹೆಣ್ಣುಮಕ್ಕಳು ಕೇಳ್ತಾರೆ. ವಿಗ್ ಮಾಡುವವರು ಸಾಮಾನ್ಯವಾಗಿ ಒಂದಡಿಯಷ್ಟು ಉದ್ದ ಕೇಳ್ತಾರೆ. ಕತ್ತರಿಸೋಕೆ ಮುಂಚೆ ಕೇಳಿಕೊಳ್ಳಿ, ಕತ್ತರಿಸಿದ ಮೇಲೆ ಅಲ್ಲ.

ಇನ್ನು ಸಣ್ಣ ಕೆಲಸಗಳು. ಅವರ ಎಮ್ಮೆ ಹಾಲು ಕರೆಯೋದು, ಮಕ್ಕಳನ್ನು ಸ್ಕೂಲಿಗೆ ಬಿಡೋದು, ಅಜ್ಜಿಗೆ ಬಿಪಿ ಮಾತ್ರೆ ತಂದುಕೊಡೋದು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಜೊತೆಗೆ ಕೂರೋದು. ಒಬ್ಬ ಆಟೋದವರು ನಮಗೆ ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಕೊಟ್ಟಿಲ್ಲ. ರೋಗಿಗಳನ್ನು ಸ್ಟೇಷನ್ನಿಗೆ ಬಿಡೋದಕ್ಕೆ ಒಂದು ರೂಪಾಯಿ ತಗೊಂಡೂ ಇಲ್ಲ.

ಯಾರಿಗೆ ಕೊಡ್ತೀರಿ? ನಮ್ಮ ಸಮಾಜದವರಿಗೇ ಕೊಡಿ ಅಂತ ಹೇಳಿ ಹಣ ಕೊಡಬಹುದಾ?

ಬೇಡ. ಒಂದು ಸಲ ಒಪ್ಪಿಕೊಂಡಿದ್ವಿ, ದೊಡ್ಡ ಮೊತ್ತ ಅಂತ. ಮುಂದಿನ ತಿಂಗಳು ಬೇರೆ ಸಮಾಜದವರು ಬಂದು ನಮ್ಮವರಿಗೆ ಯಾಕಿಲ್ಲ ಅಂದ್ರು. ಅವರದ್ದು ತಪ್ಪಲ್ಲ, ನಮ್ಮದೇ ತಪ್ಪು. ನಿಮ್ಮ ಸಮಾಜಕ್ಕೇ ಕೊಡಬೇಕು ಅಂದ್ರೆ ಸಂಘ, ಮಠ, ಮಸೀದಿ ಕಮಿಟಿಗಳು ಇದ್ದೇ ಇವೆ, ಅಲ್ಲಿ ಕೊಡಿ. ಅದೂ ಒಳ್ಳೇದೇ. ನಾವು ನೋಡೋದು ಮೂರೇ: ಡಾಕ್ಟರ್ ಚೀಟಿ, ರೇಷನ್ ಕಾರ್ಡ್, ಮನೆಗೆ ಹೋದಾಗ ಕಾಣೋ ಪರಿಸ್ಥಿತಿ.

## ಹಣ ಎತ್ತುವ ಕೆಲಸ

ಏನು ಮಾಡಿದ್ರೆ ಜಾಸ್ತಿ ದುಡ್ಡು ಬರುತ್ತೆ?

ಇದು ದಾವಣಗೆರೆ. ಇಲ್ಲಿ ಜನರನ್ನು ಸೇರಿಸಬೇಕು ಅಂದ್ರೆ ಭಾಷಣ ಇಟ್ಟರೆ ಆಗಲ್ಲ, ಕಾವಲಿ ಇಡಬೇಕು.

ನಮ್ಮ ಬೆಣ್ಣೆ ದೋಸೆ ಭಾನುವಾರದ ಲೆಕ್ಕ ಇದು. ಒಂದು ದೋಸೆ ಟಿಕೆಟ್ 70. ಅಕ್ಕಿ, ಉದ್ದು, ಮಂಡಕ್ಕಿ, ಬೆಣ್ಣೆ, ಆಲೂಗಡ್ಡೆ, ಸೌದೆ, ಭಟ್ಟರ ಕೂಲಿ ಎಲ್ಲ ಸೇರಿ ಒಂದಕ್ಕೆ 38 ಬಿತ್ತು. ಉಳಿದದ್ದು 32. ಬೆಳಗ್ಗೆ ಏಳರಿಂದ ಹನ್ನೊಂದೂವರೆವರೆಗೆ 420 ದೋಸೆ ಹೋಯ್ತು, 13,440 ರೂಪಾಯಿ. ಇಷ್ಟಕ್ಕೆ ಒಂಬತ್ತು ಜನರ ಎರಡು ದಿನದ ಕೆಲಸ. ಬೆಣ್ಣೆ ಕಡಿಮೆ ಹಾಕಿ ಉಳಿಸೋಣ ಅಂತ ಒಬ್ಬರು ಅಂದ್ರು, ಈ ಊರಲ್ಲಿ ಅದನ್ನು ಮಾಡಿದರೆ ಮುಂದಿನ ಸಲ ಒಬ್ಬರೂ ಬರಲ್ಲ. ಇನ್ನೊಂದು ವಿಷಯ. ಕ್ಯೂ ಮುಂದೆ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ವಿ, ಚಿಲ್ಲರೆ ವಾಪಸ್ ಬೇಡ ಅನ್ನೋರಿಗೆ. ಅದರಲ್ಲೇ ನಾಲ್ಕು ಸಾವಿರ ಚಿಲ್ಲರೆ ಸಿಕ್ತು. ಡಬ್ಬಿ ಇಡೋದು ಮರೀಬೇಡಿ.

ಮಿರ್ಚಿ ಮಂಡಕ್ಕಿ ಸ್ಟಾಲ್ ಇನ್ನೂ ಸುಲಭ, ಖರ್ಚು ಕಡಿಮೆ. ಆದರೆ ಸಂಜೆ ಮಳೆ ಬಂತು ಅಂದ್ರೆ ಮುಗೀತು. ನಮಗೆ ಒಂದು ವರ್ಷ ಹಾಗೇ ಆಯ್ತು, ಜೂನ್‌ನಲ್ಲಿ ಇಟ್ಟಿದ್ದೇ ದಡ್ಡತನ. ಅರ್ಧ ಗಂಟೆ ಮಳೆಗೆ ಎರಡು ಚೀಲ ಮಂಡಕ್ಕಿ ಮೆತ್ತಗಾಗಿ ಕೂತವು. ಆವತ್ತಿನ ಲಾಭ 310 ರೂಪಾಯಿ. ಮನೆಗೆ ಮಂಡಕ್ಕಿ ಹೊತ್ತುಕೊಂಡು ಹೋಗಿ ವಾರಪೂರ್ತಿ ಉಸುಳಿ ತಿಂದ್ವಿ.

ನಾಟಕ ನಮ್ಮ ಕಡೆಯ ಹಳೇ ದಾರಿ. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿಯ ಊರು ಇದು, ಶಾಲೆ ಕಟ್ಟೋಕೆ, ಗುಡಿ ಕಟ್ಟೋಕೆ ಸಹಾಯಾರ್ಥ ನಾಟಕ ಆಡಿಸೋದು ಇಲ್ಲಿ ಹೊಸದಲ್ಲ. ಹಳ್ಳಿಗಳಲ್ಲಿ ಈಗಲೂ ನಡೆಯುತ್ತದೆ. ಟಿಕೆಟ್‌ಗಳನ್ನು ಮುಂಚೆಯೇ ಕೈಯಲ್ಲಿ ಹಿಡಿದು ಮನೆಮನೆಗೆ ಮಾರಬೇಕು, ಗೇಟಿನಲ್ಲಿ ಮಾರುತ್ತೇವೆ ಅಂತ ಕೂತರೆ ಶಾಮಿಯಾನದ ದುಡ್ಡೂ ಹುಟ್ಟಲ್ಲ. ಆರ್ಕೆಸ್ಟ್ರಾ ಬೇಡ, ಸೌಂಡ್ ಸಿಸ್ಟಂನವರೇ ಎಲ್ಲ ತಗೊಂಡು ಹೋಗ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ವರ್ಷಕ್ಕೆ ಜಾಸ್ತಿ ಬರೋದು ಯಾವುದರಿಂದ ಅಂದ್ರೆ ತಿಂಗಳಿಗೆ ನೂರು ಕೊಡೋ 160 ಜನರಿಂದ. ತಿಂಗಳಿಗೆ 16,000, ಮಳೆ ಬಂದರೂ ಬರುತ್ತದೆ. ದೋಸೆ ಹಾಕೋದು ಆ 160 ಜನ ಯಾರು ಅಂತ ಹುಡುಕೋಕೆ.

ಲಕ್ಕಿ ಡ್ರಾ ಇಡೋಣ್ವಾ? ಒಂದು ಬೈಕ್ ಇಟ್ಟರೆ ಟಿಕೆಟ್ ಹಾಟ್‌ಕೇಕ್ ತರ ಹೋಗುತ್ತೆ

ಹೋಗುತ್ತೆ, ಪೊಲೀಸರೂ ಬರ್ತಾರೆ. ಟಿಕೆಟ್ ಮಾರಿ, ಚೀಟಿ ಎತ್ತಿ, ಬಹುಮಾನ ಕೊಟ್ಟರೆ ಅದು ಲಾಟರಿ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧ. ಒಳ್ಳೇ ಕೆಲಸಕ್ಕೆ ಅನ್ನೋದು ರಿಯಾಯಿತಿ ಅಲ್ಲ. ಹರಾಜು ಬೇಕಾದ್ರೆ ಮಾಡಿ. ಗಣಪತಿ ಪೆಂಡಾಲಿನಲ್ಲಿ ಲಡ್ಡು, ತೆಂಗಿನಕಾಯಿ ಹರಾಜು ಹಾಕ್ತಾರಲ್ಲ, ಹಾಗೆ. ಮಂಡಳಿಯವರನ್ನು ಒಪ್ಪಿಸಿದರೆ ಒಂದು ತೆಂಗಿನಕಾಯಿಗೆ ಬರೋ ದುಡ್ಡು ನೋಡಿ ನೀವೇ ಬೆರಗಾಗ್ತೀರಿ.

ಪರ್ಮಿಷನ್ ಬೇಕಾ?

ಯಾರದೋ ಸ್ವಂತ ಜಾಗ, ಕಲ್ಯಾಣ ಮಂಟಪ ಆದ್ರೆ ಅವರ ಒಪ್ಪಿಗೆ ಸಾಕು. ರಸ್ತೆ, ಪಾರ್ಕು, ಮೈದಾನ ಆದ್ರೆ ಮಹಾನಗರ ಪಾಲಿಕೆ ಮತ್ತು ಪೊಲೀಸ್ ಸ್ಟೇಷನ್ ಎರಡೂ ಕಡೆ ಅರ್ಜಿ ಕೊಡಿ. ಮೈಕ್ ಇದ್ರೆ ಅದಕ್ಕೆ ಬೇರೆ ಒಪ್ಪಿಗೆ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ನಡಿಗೆ, ಓಟ ಇಡೋದಾದ್ರೆ ಹದಿನೈದು ದಿನ ಮುಂಚೆ ಹೋಗಿ. ಎಪ್ರಿಲ್‌ನಲ್ಲಿ ಚಿತ್ರದುರ್ಗದ ಕೋಟೆ ಹತ್ತಿಸೋ ನಡಿಗೆ ಇಡಬೇಡಿ, ಆ ಬಂಡೆಗಳ ಕಾವು ಬೆಳಗ್ಗೆ ಒಂಬತ್ತಕ್ಕೇ ಶುರು ಆಗುತ್ತದೆ.

ಗುಟ್ಕಾ, ಅಡಿಕೆ ವ್ಯಾಪಾರದವರು ದುಡ್ಡು ಕೊಡ್ತೀವಿ ಅಂದ್ರೆ ತಗೋಬೇಕಾ?

ಈ ಪ್ರಶ್ನೆ ಬಂದಾಗಲೆಲ್ಲ ನಮ್ಮೊಳಗೇ ಜಗಳ ಆಗಿದೆ.

ತಂಬಾಕು ಕಂಪನಿ ಹೆಸರು ಹಾಕಿಸಿಕೊಂಡು ದುಡ್ಡು ತಗೊಳ್ಳೋದು ಆಗದ ಮಾತು. ತಂಬಾಕು ಪ್ರಚಾರ ಆಗುವಂಥ ಪ್ರಾಯೋಜಕತ್ವವನ್ನು 2003ರ ಕಾನೂನೇ ತಡೆಯುತ್ತದೆ. ಗುಟ್ಕಾ ಮಾರಾಟವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಅಂತ ಅದು ಜೋಡಿಯಾಗಿ ಬಂತು, ನಿಮಗೂ ಗೊತ್ತು.

ಅಡಿಕೆ ಕಷ್ಟದ್ದು. ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ನಮಗೆ ಬರೋ ದುಡ್ಡು ಅಡಿಕೆ ತೋಟದ ದುಡ್ಡೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ಹೇಳಿದರೆ ಬೆಳೆಗಾರರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ನಮಗೆ ಮನಸ್ಸು ಕೊರೆಯುತ್ತದೆ. ಕೊನೆಗೆ ಹೀಗೆ ಮಾಡಿಕೊಂಡ್ವಿ: ರೈತ ತನ್ನ ಹೆಸರಲ್ಲಿ ಕೊಟ್ಟರೆ ತಗೋತೀವಿ, ಬ್ರ್ಯಾಂಡ್ ಹೆಸರಲ್ಲಿ ಕೊಟ್ಟರೆ ಇಲ್ಲ. ಸಭೆಯಲ್ಲಿ ಬಾಯಿ ಕ್ಯಾನ್ಸರ್ ವಿಷಯ ಯಾರಿಗೂ ಬೇಜಾರಾಗುತ್ತೆ ಅಂತ ಬಿಡಲ್ಲ. ಬಾಯಲ್ಲಿ ಎರಡು ಮೂರು ವಾರ ಆದರೂ ಮಾಯದ ಹುಣ್ಣು, ಬಿಳಿ ಕಲೆ, ಬಾಯಿ ಅಗಲಿಸೋಕೆ ಆಗದೇ ಇರೋದು ಇದ್ರೆ ತೋರಿಸಿ ಅಂತ ಹೇಳ್ತೀವಿ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ದುಡ್ಡಲ್ಲ, ನಿಮ್ಮ ಚಟ ಹಾಕಿ ಅಂತ ಬೇಡಿದವರು. ನಾವೂ ಒಂದು ಸಲ ಎರಡನೇ ಡಬ್ಬಿ ಇಟ್ಟು ಪ್ಯಾಕೆಟ್ ಹಾಕಿ ಅಂದ್ವಿ. ಹನ್ನೊಂದು ಪ್ಯಾಕೆಟ್ ಬಿದ್ದವು. ಅದರಲ್ಲಿ ಏಳು ಖಾಲಿ.

## ದುಡ್ಡು ಉಳಿಸೋದೂ ದುಡ್ಡು ಎತ್ತಿದ ಹಾಗೇ

ಬೆಂಗಳೂರಿಗೆ ಹೋಗಿ ಬರೋ ಖರ್ಚೇ ತಡೆಯಲ್ಲ. ರಿಯಾಯಿತಿ ಏನಾದ್ರೂ ಇದೆಯಾ?

ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ, ಚೆಕಪ್‌ಗೆ ಹೋಗೋ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ಪೂರ್ತಿ ಮಾಫಿ. ಜೊತೆಗೆ ಹೋಗೋ ಒಬ್ಬರಿಗೆ ಅದೇ ಬೋಗಿಯಲ್ಲಿ ಮುಕ್ಕಾಲು ಭಾಗ ಮಾಫಿ. ಚಿಕಿತ್ಸೆ ಕೊಡೋ ಆಸ್ಪತ್ರೆ ಡಾಕ್ಟರಿಂದ ರೈಲ್ವೆಯ ನಮೂನೆಯಲ್ಲೇ ಸಹಿ, ಸೀಲು ಹಾಕಿಸಿ ಸ್ಟೇಷನ್ ಕೌಂಟರಿಗೆ ಹೋಗಿ. ಮೊದಲ ಸಲ ಹೋದಾಗಲೇ ಸಹಿ ಹಾಕಿಸಿಕೊಂಡು ಬನ್ನಿ, ಅದಕ್ಕೋಸ್ಕರ ಇನ್ನೊಂದು ಸಲ ಹೋಗೋ ಹಾಗಾಗಬಾರದು. ದಾವಣಗೆರೆ ಬೆಂಗಳೂರು-ಹುಬ್ಬಳ್ಳಿ ಲೈನಿನಲ್ಲೇ ಇರೋದರಿಂದ ಎರಡೂ ಕಡೆಗೆ ರೈಲು ಇದೆ. ಚಿತ್ರದುರ್ಗದವರಿಗೆ ಬಸ್ಸೇ ಅನುಕೂಲ, ಹೆಣ್ಣುಮಕ್ಕಳಾದ್ರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ.

ಉಳಿಯೋಕೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆವರಣದಲ್ಲಿ ಧರ್ಮಶಾಲೆ ಇದೆ. ಜಾಗ ಸಿಗೋದು ಅದೃಷ್ಟ, ಆದರೂ ಮೊದಲು ಅಲ್ಲೇ ಕೇಳಿ. ಮಾತ್ರೆಗಳಿಗೆ ಜನೌಷಧಿ ಅಂಗಡಿ ನೋಡಿ, ವಾಂತಿ ಮಾತ್ರೆ, ಗ್ಯಾಸ್ ಮಾತ್ರೆಗಳಲ್ಲಿ ದೊಡ್ಡ ವ್ಯತ್ಯಾಸ ಬೀಳುತ್ತದೆ.

ಬೆಂಗಳೂರಾ, ಹುಬ್ಬಳ್ಳಿಯಾ, ಮಣಿಪಾಲಾ? ಎಲ್ಲಿಗೆ ಕಳಿಸ್ತೀರಿ?

ನಾವು ಕಳಿಸಲ್ಲ, ಡಾಕ್ಟರ್ ಕಳಿಸ್ತಾರೆ. ಆದರೆ ಒಂದು ಮಾತು. ಕಾರ್ಡ್ ನಡೆಯಬೇಕು ಅಂದ್ರೆ ಆ ಆಸ್ಪತ್ರೆ ಯೋಜನೆಯಲ್ಲಿ ಇರಬೇಕು, ಖಾಸಗಿ ಆದ್ರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಜಿಲ್ಲೆಯವರಿಗೆ ಅದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ. ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ತಲೆನೋವು ಶುರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ರೋಗಿಯೊಬ್ಬರಿಗೆ ಅಡ್ವಾನ್ಸ್ ಕಟ್ಟಿಸಿಕೊಂಡ ಮೇಲೆ, ಈ ಚಿಕಿತ್ಸೆ ಪ್ಯಾಕೇಜಿನಲ್ಲಿಲ್ಲ ಅಂದ್ರು. ಅಡ್ಮಿಟ್ ಆಗೋ ಮೊದಲೇ ಯೋಜನೆಯ ಕೌಂಟರಿನಲ್ಲಿ ಕೂರೋ ಆರೋಗ್ಯಮಿತ್ರರನ್ನು ಹುಡುಕಿ, ಯಾವುದು ಒಳಗೆ, ಯಾವುದು ಹೊರಗೆ ಅಂತ ಕೇಳಿ ಬರೆದುಕೊಳ್ಳಿ.

ಕಾರ್ಡಿನ ಹೊರಗೆ ಬಿಲ್ಲು ನಿಂತರೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ. ಆಸ್ಪತ್ರೆಯ ಅಂದಾಜು ಪಟ್ಟಿ, ಆಧಾರ್, ರೇಷನ್ ಕಾರ್ಡ್, ಶಾಸಕರ ಪತ್ರ ಇಟ್ಟುಕೊಳ್ಳಿ. ಬರೋದು ನಿಧಾನ. ಹಾಕದಿದ್ರೆ ಬರೋದೇ ಇಲ್ಲ.

## ಲೆಕ್ಕ, ಬ್ಯಾಂಕು, ಟ್ಯಾಕ್ಸು

ಯಾರ ಅಕೌಂಟಿಗೆ ಹಾಕಿಸಬೇಕು?

ನಮ್ಮ ಮೊದಲ ವರ್ಷದ ತಪ್ಪು ಹೇಳ್ತೀನಿ. ಅವಸರದಲ್ಲಿ ನಮ್ಮಲ್ಲೇ ಒಬ್ಬರ ಫೋನಿನ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿ ಅಂಟಿಸಿದ್ವಿ. ಅವರದ್ದು ಹಾಲಿನ ವ್ಯಾಪಾರ. ಸಂಜೆ ನೋಡಿದರೆ ದೇಣಿಗೆ 60, ಹಾಲಿನ ದುಡ್ಡು 60, ಯಾವುದು ಯಾವುದು ಅಂತ ದೇವರಿಗೇ ಗೊತ್ತು. ಎರಡು ರಾತ್ರಿ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದ್ವಿ: ಅಣ್ಣಾ, ನೀವು ಹಾಕಿದ್ದು ಹಾಲಿಗಾ, ಕ್ಯಾನ್ಸರ್‌ಗಾ? ಆ ಮನುಷ್ಯ ಒಂದು ರೂಪಾಯಿ ಮುಟ್ಟಿದವರಲ್ಲ, ಆದರೂ ಊರಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಆ ಬೇಜಾರು ಅವರಿಗೆ ಇನ್ನೂ ಹೋಗಿಲ್ಲ.

ಒಬ್ಬ ರೋಗಿಯ ಬಿಲ್ಲಿಗೆ ಎತ್ತುವುದಾದರೆ ನೇರ ಆಸ್ಪತ್ರೆ ಅಕೌಂಟಿಗೆ, ರೋಗಿಯ ಫೈಲ್ ನಂಬರ್ ಬರೆದು ಕಟ್ಟಿ. ಅದಕ್ಕಿಂತ ಸ್ವಚ್ಛ ದಾರಿ ಇಲ್ಲ. ದೊಡ್ಡ ಬಿಲ್ಲನ್ನು ನಗದು ಕಟ್ಟೋಕೆ ಹೋಗಬೇಡಿ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ. ಊಟ, ರೂಮಿನ ಖರ್ಚಿಗೆ ಆದ್ರೆ ಇದಕ್ಕೇ ಅಂತ ಬೇರೆ ಜಂಟಿ ಖಾತೆ ತೆಗೆಸಿ, ಇಬ್ಬರ ಸಹಿ ಇಲ್ಲದೆ ಹಣ ಹೊರಗೆ ಹೋಗಬಾರದು. ಇಬ್ಬರೂ ಒಂದೇ ಮನೆಯವರಾಗಿರಬಾರದು.

ಲೆಕ್ಕ ಎಲ್ಲಿ ತೋರಿಸ್ತೀರಿ?

ತಿಂಗಳ ಮೊದಲ ಭಾನುವಾರ ಒಂದು ಹಾಳೆ. ಬಂದಿದ್ದು, ಹೋಗಿದ್ದು, ಕೈಯಲ್ಲಿರೋದು. ನೂರು ಕೊಟ್ಟವರಿಗೂ ಅದೇ ಹಾಳೆ, ಐದು ಸಾವಿರ ಕೊಟ್ಟವರಿಗೂ ಅದೇ ಹಾಳೆ. ರೋಗಿ ಹೆಸರಿನ ಜಾಗದಲ್ಲಿ ನಂಬರ್ ಇರುತ್ತದೆ. ಅಂಗಡಿಗಳಲ್ಲಿ ಇಟ್ಟ ಡಬ್ಬಿಗೆ ಬೀಗ ಹಾಕಿ ಸೀಲ್ ಮಾಡಿರ್ತೀವಿ, ಅಂಗಡಿಯವರ ಎದುರಿಗೇ ಒಡೆದು ಎಣಿಸಿ ಅವರ ಸಹಿ ತಗೋತೀವಿ.

ಫೋಟೋ ಹಾಕಿ ಸಹಾಯ ಕೇಳೋ ಮೆಸೇಜ್ ಬರ್ತಾವೆ. ನಿಜಾನಾ ಸುಳ್ಳಾ ಹೇಗೆ ಗೊತ್ತಾಗುತ್ತೆ?

ಫೋಟೋ ನೋಡಿ ಗೊತ್ತಾಗಲ್ಲ. ನಿಜವಾದ ಮಗುವಿನ ನಿಜವಾದ ಪೋಸ್ಟರಿನಲ್ಲಿ ಬರೀ ಕ್ಯೂಆರ್ ಬದಲಿಸಿ ಬಿಡೋರಿದ್ದಾರೆ. ಸ್ಕ್ಯಾನ್ ಮಾಡಿದಾಗ ಬರೋ ಹೆಸರು ಪೋಸ್ಟರಿನ ಹೆಸರಿಗೆ ಹೊಂದುತ್ತಾ ನೋಡಿ. ಆಸ್ಪತ್ರೆ ಹೆಸರು, ಫೈಲ್ ನಂಬರ್, ಸೀಲು ಇರೋ ಅಂದಾಜು ಪಟ್ಟಿ ಕೇಳಿ. ಆಸ್ಪತ್ರೆಗೆ ಫೋನ್ ಮಾಡುವಾಗ ಪೋಸ್ಟರಿನಲ್ಲಿರೋ ನಂಬರ್ ಬಿಟ್ಟು ನೀವೇ ಹುಡುಕಿದ ನಂಬರಿಗೆ ಮಾಡಿ. ನಿಜವಾದ ಮನೆಯವರು ಇಷ್ಟು ಕೇಳಿದರೆ ಸಿಟ್ಟು ಮಾಡ್ಕೊಳ್ಳಲ್ಲ, ಅವರ ಹತ್ತಿರ ಫೈಲು ಯಾವಾಗಲೂ ಕೈಯಲ್ಲೇ ಇರುತ್ತದೆ. ದುಡ್ಡು ಹಾಕಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆನ್‌ಲೈನ್ ಕ್ರೌಡ್‌ಫಂಡಿಂಗ್ ಒಳ್ಳೇದಲ್ವಾ? ಒಂದೇ ದಿನದಲ್ಲಿ ಲಕ್ಷಗಟ್ಟಲೆ ಬರುತ್ತಂತಲ್ಲ

ಕೆಲವರಿಗೆ ಬರುತ್ತದೆ. ದೊಡ್ಡ ಮೊತ್ತ ತುರ್ತಾಗಿ ಬೇಕಿದ್ದು, ಹೊರಗೆ ಕೆಲಸ ಮಾಡೋ ನೆಂಟರು ಗೆಳೆಯರು ಜಾಸ್ತಿ ಇದ್ರೆ ಮಾಡಿ. ಹಂಚೋರು ಇಲ್ಲದ ಮನೆಗೆ ಅಲ್ಲೂ ದುಡ್ಡು ಬರಲ್ಲ, ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಯಾರು ಇಂಗ್ಲಿಷಿನಲ್ಲಿ ಕಥೆ ಬರೀತಾರೆ ಹೇಳಿ. ಶುಲ್ಕ ಸೊನ್ನೆ ಅಂತ ಹಾಕಿದ್ದರೂ ದಾನಿಯ ಹತ್ತಿರ ಟಿಪ್ ಕೇಳ್ತಾರೆ, ಅದು ಮೊದಲೇ ಟಿಕ್ ಆಗಿರಬಹುದು. ಕೊಡೋ ಮುಂಚೆ ಕೆಳಗೆ ನೋಡಿ.

ನಿಮಗೆ ಕೊಟ್ರೆ ಟ್ಯಾಕ್ಸ್ ರಿಯಾಯಿತಿ ಸಿಗುತ್ತಾ?

ಸಿಗಲ್ಲ. ಎಲ್ಲರೂ 80ಜಿ ಅನ್ನೋ ರಿಯಾಯಿತಿ ಇರೋದು ನೋಂದಾಯಿತ ಸಂಸ್ಥೆಗೆ ಕೊಟ್ಟವರಿಗೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ. ನಗದು 2,000 ದಾಟಿದರೆ ಅಲ್ಲೂ ಇಲ್ಲ. ಒಬ್ಬ ವ್ಯಕ್ತಿಗೆ ಕೊಟ್ಟ ಹಣಕ್ಕೆ ಎಂದೂ ಇಲ್ಲ. ಇನ್ನೊಂದು ಕಡೆಯಿಂದಲೂ ನೋಡಿ: ರೋಗಿಯ ಸ್ವಂತ ಖಾತೆಗೆ ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ಮೀರಿ ಬಂದರೆ ಅದು ಅವರ ಆದಾಯದ ಲೆಕ್ಕಕ್ಕೆ ಬರಬಹುದು. ದೊಡ್ಡ ಮೊತ್ತ ಆದ್ರೆ ಮೊದಲೇ ಒಬ್ಬ ಆಡಿಟರ್ ಹತ್ತಿರ ಮಾತಾಡಿ. ಆಸ್ಪತ್ರೆಗೇ ನೇರ ಕಟ್ಟಿ ಅಂತ ನಾವು ಬಡಕೊಳ್ಳೋದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿರೋ ನಮ್ಮೂರ ಹುಡುಗರು ಕಳಿಸ್ತೀವಿ ಅಂತಾರೆ, ತಗೋಬಹುದಾ?

ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ್ದೇ ಇದ್ದು, ಅವರ ದುಡಿಮೆ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಹುಟ್ಟಿದ್ದು ಹರಿಹರದಲ್ಲೇ ಆದರೂ, ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ನೋಂದಣಿ ಇಲ್ಲದ ಗುಂಪು ಮುಟ್ಟೋ ಹಾಗಿಲ್ಲ. ರೋಗಿ ಅವರ ಸ್ವಂತ ನೆಂಟರಾದ್ರೆ ನೇರ ಅವರಿಗೇ ಕಳಿಸಲಿ, ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ.

ಹಾಗಾದ್ರೆ ನೀವೂ ಟ್ರಸ್ಟ್ ಮಾಡ್ಕೊಬಾರದಾ?

ಮಾಡ್ಕೊಬೇಕು. ಸಂಘ ಆದ್ರೆ ಕನಿಷ್ಠ ಏಳು ಜನ ಸಾಕು, ನಾವು ಒಂಬತ್ತು ಇದ್ದೀವಿ. ಆದರೆ ಪ್ರತಿ ವರ್ಷ ಆಡಿಟ್, ರಿಟರ್ನ್ಸ್, ಸಭೆ ನಡಾವಳಿ ಬರೆಯೋರು ಬೇಕು. ಬ್ಯಾಂಕಿನಿಂದ ರಿಟೈರ್ ಆದವರು ಕಾಗದ ರೆಡಿ ಮಾಡಿದ್ದಾರೆ. ಹೆಸರು ಏನಿಡಬೇಕು ಅನ್ನೋದರಲ್ಲಿ ನಾಲ್ಕು ತಿಂಗಳಿಂದ ನಿಂತಿದೆ.

## ಉತ್ತರ ಕಷ್ಟ ಇರುವವು

ಮನೆಯವರು ಹೆಸರು ಹೊರಗೆ ಬರಬಾರದು ಅಂತಾರೆ. ಹೆಸರಿಲ್ಲದೆ ಹೇಗೆ ಹಣ ಎತ್ತೋದು?

ಎತ್ತಬಹುದು, ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೇ. ಮದುವೆಗೆ ಬಂದ ಮಗಳಿದ್ದಾಳೆ, ತಾಯಿಗೆ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾದ್ರೆ ಗಂಡು ಸಿಗಲ್ಲ ಅನ್ನೋ ಭಯ. ಆ ಭಯ ಸರಿಯಲ್ಲ ಅಂತ ಭಾಷಣ ಮಾಡಬಹುದು, ಆದ್ರೆ ಸಂಬಂಧ ಮುರಿದು ಬಿದ್ದಾಗ ನಾವು ಅಲ್ಲಿ ಇರಲ್ಲ. ವಯಸ್ಸು, ತಾಲ್ಲೂಕು, ಏನು ಚಿಕಿತ್ಸೆ, ಎಷ್ಟು ಬೇಕು, ಇಷ್ಟು ಹೇಳಿ ಕೇಳ್ತೀವಿ. ಕಾಗದಪತ್ರ ನಮ್ಮಲ್ಲಿ ಮೂವರು ನೋಡಿರ್ತಾರೆ. ಸಣ್ಣ ಮಕ್ಕಳ ಫೋಟೋ ಹಾಕಲ್ಲ. ಇವತ್ತು ಬೋಳು ತಲೆಯ ಫೋಟೋ ಹಂಚಿದರೆ, ಆ ಹುಡುಗ ಹುಷಾರಾಗಿ ಹೈಸ್ಕೂಲಿಗೆ ಹೋದಾಗ ಅದೇ ಫೋಟೋ ಅವನ ಕ್ಲಾಸಿನವರ ಫೋನಿಗೆ ಬರುತ್ತದೆ.

ಇನ್ನೊಂದು: ರೋಗಿಗೇ ಗೊತ್ತಿಲ್ಲದೆ, ಗಡ್ಡೆ ಅಂತ ಹೇಳಿಟ್ಟು ಹಣ ಎತ್ತಿಕೊಡಿ ಅಂತಾರೆ. ರೋಗಿಯ ಒಪ್ಪಿಗೆ ಇಲ್ಲದೆ ನಾವು ಮಾಡಲ್ಲ. ಅದನ್ನು ಹೇಳೋ ಕೆಲಸ ಡಾಕ್ಟರದ್ದು ಮತ್ತು ಮನೆಯವರದ್ದು, ಪೋಸ್ಟರಿನದ್ದಲ್ಲ.

ನಾಟಿ ಔಷಧಿಗೆ ಹಣ ಕೊಡ್ತೀರಾ? ಅಲ್ಲಿ ಎಷ್ಟೋ ಜನಕ್ಕೆ ವಾಸಿ ಆಗಿದೆಯಂತೆ

ಕೊಡಲ್ಲ. ನಂಬಿಕೆ ನಿಮ್ಮದು, ಅದಕ್ಕೆ ಜಗಳ ಇಲ್ಲ. ಮೊದಲ ಹಂತದಲ್ಲಿದ್ದ ಬಾಯಿ ಹುಣ್ಣು ಎಂಟು ತಿಂಗಳು ಬೇರಿನ ಪುಡಿ ತಿಂದು ಬರೋಷ್ಟರಲ್ಲಿ ಕುತ್ತಿಗೆಗೆ ಇಳಿದಿದ್ದನ್ನು ನೋಡಿದ್ದೇವೆ. ಜೊತೆಗೆ ತಗೋತೀವಿ ಅನ್ನೋರು ಕೀಮೋ ಡಾಕ್ಟರಿಗೆ ಹೇಳಿಯೇ ತಗೊಳ್ಳಿ, ಲಿವರ್ ಒಂದೇ ಇರೋದು.

ಇನ್ನು ಏನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಆಮೇಲೂ ಹಣ ಎತ್ತಬೇಕಾ?

ಬೇಕು. ಗುಣ ಆಗಲ್ಲ ಅಂದ್ರೆ ನೋವು ತಡ್ಕೊಂಡು ಬಿದ್ದಿರಬೇಕು ಅಂತಲ್ಲ. ನೋವು ಶಮನಕ್ಕೆ ಅಂತಲೇ ಆರೈಕೆ ಇದೆ, ಕಿದ್ವಾಯಿಯಂಥ ಕಡೆ ಅದಕ್ಕೆ ಬೇರೆ ವಿಭಾಗವೇ ಇದೆ. ಮಾರ್ಫಿನ್ ಮಾತ್ರೆ ದುಬಾರಿ ಅಲ್ಲ, ಸಿಗೋ ಜಾಗ ಕಡಿಮೆ. ಯಾರೋ ಒಬ್ಬರು ಚೀಟಿ ಹಿಡಿದು ಹೋಗಿ ತರಬೇಕು. ಆ ಓಡಾಟ, ಡೈಪರ್, ಬೆನ್ನು ಹುಣ್ಣಾಗದ ಗಾಳಿ ಹಾಸಿಗೆ, ಡ್ರೆಸಿಂಗ್ ಬಟ್ಟೆ. ಗಾಳಿ ಹಾಸಿಗೆ ನಮ್ಮಲ್ಲಿ ಮೂರು ಇವೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗ್ತಾ ಇರ್ತವೆ. ಸ್ಟೇಜ್ ಹತ್ತಿ ಇದಕ್ಕೆ ದುಡ್ಡು ಕೇಳೋಕೆ ಆಗಲ್ಲ, ಯಾರೂ ಕೊಡಲ್ಲ. ತಿಂಗಳಿಗೆ ನೂರು ಕೊಡೋ ಜನರ ದುಡ್ಡು ಹೋಗೋದು ಇಲ್ಲಿಗೇ.

ಎತ್ತಿದ ಹಣ ಮುಗಿಯೋ ಮುಂಚೆ ರೋಗಿ ತೀರಿಕೊಂಡ್ರೆ? ಉಳಿದ ದುಡ್ಡು ಯಾರದ್ದು?

ಇದನ್ನು ಮೊದಲ ದಿನವೇ ಬರೆದಿಡಬೇಕು. ಕೇಳೋಕೆ ಕೆಟ್ಟದಾಗಿರುತ್ತದೆ, ಜೀವ ಇರುವಾಗ ಇದೇನ್ ಮಾತು ಅಂತಾರೆ. ನಾವು ಮೂರು ಸಾಲು ಬರೆಸ್ತೀವಿ: ಆಸ್ಪತ್ರೆ ಬಾಕಿ ಮೊದಲು ತೀರಬೇಕು, ಆಮೇಲೆ ದೇಹ ಊರಿಗೆ ತರೋ ಗಾಡಿ ಮತ್ತು ಮಣ್ಣಿನ ಖರ್ಚು, ಇನ್ನೂ ಉಳಿದರೆ ಮುಂದಿನ ರೋಗಿಗೆ. ಇದನ್ನು ಬರೆಸದೇ ಬಿಟ್ಟ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರು ಹನ್ನೊಂದನೇ ದಿನದ ಊಟದಲ್ಲೇ ಉಳಿದ ದುಡ್ಡಿಗೆ ಕಿತ್ತಾಡಿದ್ರು. ನಾವು ಎಲೆ ಮುಂದೆ ಕೂತಿದ್ವಿ.

ಹುಷಾರಾದವರು ವರ್ಷ ಆದ ಮೇಲೆ ಮತ್ತೆ ಬಂದು ಕೇಳಿದ್ರೆ ಕೊಡಬೇಕಾ? ಒಂದು ಸಲ ಕೊಟ್ಟಾಯ್ತಲ್ಲ

ಚಿಕಿತ್ಸೆ ಮುಗಿದ ಮೇಲೆ ಚೆಕಪ್ ಶುರು. ಮೊದಲ ಒಂದೆರಡು ವರ್ಷ ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ಹೋಗಲೇಬೇಕು, ಕ್ಯಾನ್ಸರ್ ವಾಪಸ್ ಬಂದರೆ ಬೇಗ ಸಿಕ್ಕಿಬೀಳೋದು ಅಲ್ಲೇ. ಆಗ ಕೂದಲು ಬೆಳೆದಿರುತ್ತದೆ, ಮುಖ ತುಂಬಿಕೊಂಡಿರುತ್ತದೆ, ನೋಡಿದವರು ಇವರಿಗೇನಾಗಿದೆ ಅಂತಾರೆ. ಕೇಳೋಕೆ ನಾಚಿಕೆ ಪಟ್ಟು ಒಂದು ಚೆಕಪ್ ಬಿಡ್ತಾರೆ, ಆಮೇಲೆ ಎರಡು. ಅದಕ್ಕೆ ಈಗ ಕೇಳೋ ತನಕ ಕಾಯಲ್ಲ, ತಾರೀಕು ಬರೆದಿಟ್ಟುಕೊಂಡು ಹಿಂದಿನ ವಾರ ನಾವೇ ಫೋನ್ ಮಾಡ್ತೀವಿ. ಹಣ ದೊಡ್ಡದೇನಲ್ಲ. ಪುಸ್ತಕದಲ್ಲಿ ಕಳೆದ ಮಂಗಳವಾರದ ಸಾಲು ಹೀಗಿದೆ: ನಂಬರ್ 31, ಚೆಕಪ್, ರೈಲು ರೋಗಿಗೆ ಫ್ರೀ, ಜೊತೆಗೆ ಹೋದ ಮಗಳ ಟಿಕೆಟ್ 75, ಊಟ 240, ಆಟೋ 180. ಒಟ್ಟು 495.